ಬಯಲಿಗೂ ಬೆಟ್ಟಕ್ಕೂ ತಕ್ಕ ಕೈಗಡಿಯಾರ

ಉಪಕರಣದ ಯೋಗ್ಯತೆ ಅದು ಮಾಡಬೇಕಾದ ಕೆಲಸದಿಂದ ತಿಳಿಯುವುದೇ ಹೊರತು, ಅಂಗಡಿಯ ದೀಪದ ಕೆಳಗೆ ಅದು ಹೊಳೆಯುವ ಬಗೆಯಿಂದಲ್ಲ. ಎರೆಭೂಮಿಗೆ ಎಂತಹ ನೇಗಿಲು ಬೇಕು, ಮಸಬಿನ ಹೊಲಕ್ಕೆ ಎಂತಹದು ಬೇಕು ಎಂಬುದನ್ನು ನಮ್ಮ ರೈತನಿಗೆ ನೆಲವೇ ಕಲಿಸಿತು. ಕೈಗಡಿಯಾರದ ವಿಚಾರದಲ್ಲಿಯೂ ಈ ಮಾತು ಸಲ್ಲುವುದು.

ನಮ್ಮ ಹಿರಿಯರಿಗೆ ಈ ಆಯ್ಕೆ ಕಷ್ಟವಾಗಿರಲಿಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಒಂದು ಗಡಿಯಾರವನ್ನು ಕೊಂಡು, ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಅದು ಹೊತ್ತು ತೋರಿಸುತ್ತಿತ್ತು. ಅದರಿಂದ ಬೇರೇನನ್ನೂ ಯಾರೂ ಬಯಸುತ್ತಿರಲಿಲ್ಲ. ಆ ಗಡಿಯಾರಗಳ ತಯಾರಿಕೆಯನ್ನು ನಿಲ್ಲಿಸಲು ಸರಕಾರವು 2016ರಲ್ಲಿ ನಿರ್ಧರಿಸಿತು. ಇಂದಿನ ಕ್ರೀಡಾ ಗಡಿಯಾರವಾದರೋ ಹೊತ್ತಿನೊಡನೆ ಸ್ಥಳ, ದೂರ, ವೇಗ, ಎತ್ತರ, ನಾಡಿಬಡಿತಗಳನ್ನೂ ತೋರಿಸುವುದು. ಪ್ರತಿವರ್ಷ ಚಳಿಗಾಲದಲ್ಲಿ, ಶಾಲೆಯ ಕ್ರೀಡಾಕೂಟವೂ ಮುಂಬಯಿಯ ಜನವರಿಯ ಮ್ಯಾರಥಾನ್ ಓಟವೂ ಸಮೀಪಿಸಿದಾಗ, ಹಿರಿಯ ತರಗತಿಗಳ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: “ಗುರುಗಳೇ, ಯಾವ ಗಡಿಯಾರ ಒಳ್ಳೆಯದು?”

ಈ ಪ್ರಶ್ನೆ ಸಣ್ಣದಲ್ಲ. ಇಂತಹ ಗಡಿಯಾರಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಲಕ್ಷ ರೂಪಾಯಿಗಳವರೆಗೂ ಏರುವುದು. ನಮ್ಮ ಶಾಲೆಯ ಎಷ್ಟೋ ಮನೆಗಳಲ್ಲಿ ಅದು ತಂದೆಯ ಹಲವು ತಿಂಗಳುಗಳ ದುಡಿಮೆ. ಇನ್ನೊಂದು ಕಡೆ, ಮಂಜು ಮುಸುಕಿದ ಸಹ್ಯಾದ್ರಿಯ ಕಡಿದಾದ ಅಂಚಿನಲ್ಲಿ ಗಡಿಯಾರವನ್ನು ತಪ್ಪಾಗಿ ನಂಬಿದವನಿಗೆ ಪ್ರಾಣವೇ ಬೆಲೆಯಾಗಬಹುದು. ಆದುದರಿಂದ ಒಂದು ಹೆಸರನ್ನು ಹೇಳಿ ಮುಗಿಸದೆ, ಆರಿಸುವ ಕ್ರಮವನ್ನೇ ಇಲ್ಲಿ ವಿವರಿಸುತ್ತೇವೆ.

1. ಗಡಿಯಾರಕ್ಕೆ ಸ್ಥಳ ತಿಳಿಯುವುದು ಹೇಗೆ?

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಕ್ಷಣಗಳನ್ನು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿದೆಯೆಂದು ತಿಳಿಯುವ ಉಪಾಯ ನಿಮಗೆ ಗೊತ್ತಿದೆ. ಶಬ್ದವು ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಚಲಿಸುವುದು. ಜಿ.ಪಿ.ಎಸ್. ವ್ಯವಸ್ಥೆಯ ಮೂಲತತ್ವವೂ ಇದೇ. ಶಬ್ದದ ಬದಲು ರೇಡಿಯೋ ತರಂಗ, ಮೋಡದ ಬದಲು ಉಪಗ್ರಹ, ಅಷ್ಟೇ ಭೇದ.

ಅಮೆರಿಕದ ರಕ್ಷಣಾ ಇಲಾಖೆಯು 1973ರಲ್ಲಿ ಈ ಯೋಜನೆಯನ್ನು ಕೈಗೊಂಡಿತು. ಮೊದಲ ಉಪಗ್ರಹವು 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣವಾಯಿತು. ಇಪ್ಪತ್ತನಾಲ್ಕಕ್ಕೆ ಕಡಿಮೆಯಿಲ್ಲದ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ಹೆಚ್ಚುಕಡಿಮೆ ಹನ್ನೆರಡು ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಿರುವುವು. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದೆ. “ನಾನು ಇಂತಹ ಕಡೆ ಇದ್ದೇನೆ, ಈಗ ಇಂತಿಷ್ಟು ಹೊತ್ತು” ಎಂದು ಅದು ಸದಾ ಸಾರುತ್ತಿರುವುದು. ನಮ್ಮ ಕೈಯಲ್ಲಿರುವ ಗಡಿಯಾರ ಆ ಸಾರಿಕೆಯನ್ನು ಕೇಳಿ, ತರಂಗ ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುವುದು.

ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಳ ತಿಳಿಯಬೇಕಷ್ಟೆ. ಆದರೆ ನಾಲ್ಕು ಬೇಕಾಗುವುವು. ಏಕೆಂದರೆ ಕೈಗಡಿಯಾರದ ಕಾಲ ಪರಮಾಣು ಗಡಿಯಾರದಷ್ಟು ನಿಖರವಲ್ಲ. ತರಂಗವು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಧಾವಿಸುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಾದರೂ ದೂರದಲ್ಲಿ 300 ಮೀಟರಿನ ತಪ್ಪಾಗುವುದು. ಈ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ಇಷ್ಟೇ ಅಲ್ಲದೆ, ಐನ್‌ಸ್ಟೈನರು ತೋರಿಸಿದ ಸಾಪೇಕ್ಷತೆಯ ಕಾರಣದಿಂದ ಉಪಗ್ರಹದ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡುಗಳಷ್ಟು ಮುಂದೆ ಓಡುವುದು. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸುಮಾರು 11 ಕಿಲೋಮೀಟರಿನ ತಪ್ಪು ಬೆಳೆಯುವುದು. ಸ್ಥಳವನ್ನು ತಿಳಿಯುವ ವಿದ್ಯೆಯೆಲ್ಲವೂ ಕೊನೆಗೆ ಹೊತ್ತನ್ನು ತಿಳಿಯುವ ವಿದ್ಯೆಯೇ ಆಗಿದೆಯೆಂಬುದನ್ನು ಗಮನಿಸಿರಿ.

ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈಡೌ ಎಂಬ ವ್ಯವಸ್ಥೆಗಳೂ ಇವೆ. ನಮ್ಮ ದೇಶದ ವ್ಯವಸ್ಥೆಯ ಹೆಸರು ನಾವಿಕ್. 2013ರಿಂದ 2016ರವರೆಗೆ ಅದಕ್ಕಾಗಿ ಏಳು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಲಾಯಿತು. ಅದರ ನೆಲದ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದಲ್ಲಿದೆ. ಮೊದಲ ಉಪಗ್ರಹದಲ್ಲಿದ್ದ ಮೂರು ಪರಮಾಣು ಗಡಿಯಾರಗಳೂ ಕೆಟ್ಟುಹೋದುದರಿಂದ, ಉಪಗ್ರಹ ಆಕಾಶದಲ್ಲಿದ್ದೂ ಸ್ಥಳವನ್ನು ತಿಳಿಸಲಾರದೆ ಹೋಯಿತು. ನಮ್ಮ ವಿಜ್ಞಾನಿಗಳು ಸ್ವದೇಶದಲ್ಲಿಯೇ ಪರಮಾಣು ಗಡಿಯಾರವನ್ನು ನಿರ್ಮಿಸಿ, 2023ರಲ್ಲಿ ಎನ್.ವಿ.ಎಸ್.-01 ಎಂಬ ಉಪಗ್ರಹದಲ್ಲಿ ಕಳುಹಿಸಿದರು. ಕೈಗಡಿಯಾರವು ಹೆಚ್ಚು ವ್ಯವಸ್ಥೆಗಳನ್ನು ಕೇಳಬಲ್ಲುದಾದರೆ, ಕಣಿವೆಯಲ್ಲಿ ಆಕಾಶ ಸ್ವಲ್ಪವೇ ಕಂಡಾಗಲೂ ಅದಕ್ಕೆ ನಾಲ್ಕು ಉಪಗ್ರಹಗಳು ದೊರೆಯುವ ಸಂಭವ ಹೆಚ್ಚು. ಇದು ನೋಡಬೇಕಾದ ಮೊದಲ ಗುಣ.

2. ಅಳೆದುದು, ಲೆಕ್ಕ ಹಾಕಿದುದು, ಊಹಿಸಿದುದು

ಗಡಿಯಾರದ ಮುಖದ ಮೇಲೆ ಮೂಡುವ ಅಂಕಿಗಳೆಲ್ಲವೂ ಒಂದೇ ತೂಕದವಲ್ಲ. ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ಒಳ್ಳೆಯದು.

ಮೊದಲನೆಯದು, ನೇರವಾಗಿ ಅಳೆದುದು: ಹೊತ್ತು, ಗಾಳಿಯ ಒತ್ತಡ, ದಿಕ್ಸೂಚಿಯ ಕಾಂತಕ್ಷೇತ್ರ. ಎರಡನೆಯದು, ಅಳತೆಯಿಂದ ಲೆಕ್ಕ ಹಾಕಿದುದು: ಸ್ಥಳ, ದೂರ, ವೇಗ, ಎತ್ತರ, ನಾಡಿಬಡಿತ. ಮೂರನೆಯದು, ಊಹಿಸಿದುದು: ವ್ಯಯವಾದ ಕ್ಯಾಲೊರಿ, ನಿದ್ರೆಯ ಗುಣ, ದೇಹದ ಆಯಾಸ ಮುಂತಾದುವು.

ಎತ್ತರದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಹೆಕ್ಟೋಪಾಸ್ಕಲ್. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1646 ಮೀಟರಿನ ಕಳಸೂಬಾಯಿಯ ಮೇಲೆ ಅದು ಸುಮಾರು 830ಕ್ಕೆ ಇಳಿಯುವುದು. ಕೆಳಮಟ್ಟದಲ್ಲಿ ಪ್ರತಿ 8 ಮೀಟರ್ ಏರಿಕೆಗೆ ಒತ್ತಡವು ಸುಮಾರು ಒಂದು ಹೆಕ್ಟೋಪಾಸ್ಕಲ್ ಕಡಿಮೆಯಾಗುವುದೆಂಬ ಲೆಕ್ಕದಿಂದ ವಾಯುಭಾರಮಾಪಕವುಳ್ಳ ಗಡಿಯಾರ ಎತ್ತರವನ್ನು ಹೇಳುವುದು. ಆದರೆ ಮಳೆಯ ಮೋಡ ಕವಿದು ಒತ್ತಡವು 3 ಹೆಕ್ಟೋಪಾಸ್ಕಲ್ ಇಳಿದರೆ, ಕುಳಿತಲ್ಲಿಯೇ ಕುಳಿತವನು ಸುಮಾರು 25 ಮೀಟರ್ ಏರಿದನೆಂದು ಅದು ತಿಳಿಯುವುದು! ಆದುದರಿಂದ ಹೊರಡುವ ಮೊದಲು, ಎತ್ತರ ಗೊತ್ತಿರುವ ಒಂದು ಸ್ಥಳದಲ್ಲಿ ಅದನ್ನು ಸರಿಹೊಂದಿಸಿಕೊಳ್ಳಬೇಕು. ಮುಂಬಯಿಯವರಿಗೆ ಸಮುದ್ರವೇ ಹತ್ತಿರದಲ್ಲಿರುವುದು ಅನುಕೂಲ. ಅದೇ ಗುಣವನ್ನು ತಿರುಗಿಸಿ ಬಳಸಲೂಬಹುದು: ಏರದೆಯೇ ಒತ್ತಡ ಬೇಗಬೇಗನೆ ಇಳಿಯುತ್ತಿದ್ದರೆ ಬಿರುಗಾಳಿಯ ಮುನ್ಸೂಚನೆಯೆಂದು ತಿಳಿದು ಹಿಂತಿರುಗತಕ್ಕದ್ದು.

ನಾಡಿಬಡಿತವನ್ನು ತಿಳಿಯಲು ಗಡಿಯಾರವು ಚರ್ಮದ ಮೇಲೆ ಹಸುರು ಬೆಳಕನ್ನು ಬೀರುವುದು. ರಕ್ತವು ಹಸುರು ಬೆಳಕನ್ನು ಹೀರಿಕೊಳ್ಳುವುದರಿಂದ, ಪ್ರತಿಯೊಂದು ಬಡಿತಕ್ಕೂ ಮರಳಿ ಬರುವ ಬೆಳಕು ಏರಿಳಿಯುವುದು. ಪಟ್ಟಿ ಸಡಿಲವಾಗಿದ್ದರೆ ಅಥವಾ ಕೈ ಬಹಳ ಅಲುಗಾಡಿದರೆ ಲೆಕ್ಕ ತಪ್ಪುವುದು. ಹೃದಯದ ವಿದ್ಯುತ್ ಸಂಕೇತವನ್ನೇ ಅಳೆಯುವ ಎದೆಪಟ್ಟಿ ಇದಕ್ಕಿಂತ ಹೆಚ್ಚು ವಿಶ್ವಾಸಾರ್ಹ.

ಇನ್ನು ಕ್ಯಾಲೊರಿಯ ವಿಚಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 60 ಜನರು ಏಳು ಬಗೆಯ ಕೈಪಟ್ಟಿಗಳನ್ನೂ ಗಡಿಯಾರಗಳನ್ನೂ ಧರಿಸಿ ನಡೆದು, ಓಡಿ, ಸೈಕಲ್ ತುಳಿದರು. ಏಳರಲ್ಲಿ ಆರು ಉಪಕರಣಗಳು ನಾಡಿಬಡಿತವನ್ನು ನೂರಕ್ಕೆ ಐದರೊಳಗಿನ ತಪ್ಪಿನಲ್ಲಿ ಹೇಳಿದುವು. ಕ್ಯಾಲೊರಿಯಲ್ಲಾದರೋ ಅತ್ಯಂತ ಉತ್ತಮವಾದುದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತು. ಅತ್ಯಂತ ಕೆಟ್ಟುದು 93ರಷ್ಟು! ಆದುದರಿಂದ ಊಹೆಯ ಅಂಕಿಗಳು ಎಷ್ಟು ಬಗೆಯವೆಂದು ಎಣಿಸಿ ಹಣ ತೆರಬೇಡಿರಿ. ಮೊದಲೆರಡು ವರ್ಗಗಳು ಸರಿಯಾಗಿವೆಯೇ ಎಂದು ನೋಡಿರಿ. ಗಡಿಯಾರ ಹೇಳಿತೆಂದು ಊಟ ಬಿಡುವುದಂತೂ ಬೆಳೆಯುವ ಮಕ್ಕಳಿಗೆ ಸರ್ವಥಾ ಸಲ್ಲದು.

3. ಗಟ್ಟಿತನದ ಪರೀಕ್ಷೆ

ಗಟ್ಟಿಯಾದ ಗಡಿಯಾರದ ಕಥೆಯಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆಯ ಎಂಜಿನಿಯರ್ ಕಿಕುಒ ಇಬೆಯವರ ಹೆಸರು ಪ್ರಸಿದ್ಧ. ತಂದೆ ಕೊಟ್ಟ ಗಡಿಯಾರ ಬಿದ್ದು ಒಡೆದುದೇ ಅವರಿಗೆ ಪ್ರೇರಣೆಯಾಯಿತು. 1981ರಲ್ಲಿ ಕೆಲಸ ಆರಂಭಿಸಿ, ಸುಮಾರು ಇನ್ನೂರು ಮಾದರಿಗಳನ್ನು ಮಾಡಿ, ಕಟ್ಟಡದ ಮೇಲಿನಿಂದ ಬೀಳಿಸಿ ನೋಡಿದರು. ಪುಟಿಯುವ ರಬ್ಬರ್ ಚೆಂಡಿನ ನಡುವೆ ಒಂದು ವಸ್ತು ತೇಲುತ್ತಿದ್ದರೆ ಅದಕ್ಕೆ ಪೆಟ್ಟು ತಾಗದು ಎಂಬ ಯೋಚನೆ ಅವರಿಗೆ ಹೊಳೆಯಿತು. ಯಂತ್ರವನ್ನು ಕವಚದೊಳಗೆ ತೂಗಾಡುವಂತಿಟ್ಟು 1983ರಲ್ಲಿ ಮೊದಲ ಜಿ-ಶಾಕ್ ಗಡಿಯಾರವನ್ನು ಹೊರತಂದರು. ದಪ್ಪ ಕವಚವಷ್ಟರಿಂದಲೇ ಗಟ್ಟಿತನ ಬಾರದು, ಒಳಗಿನ ಕಟ್ಟುವಿಕೆಯಿಂದ ಬರುವುದು ಎಂಬುದು ಇಲ್ಲಿಯ ಪಾಠ.

ವಿವರಪತ್ರದಲ್ಲಿ ‘ಮಿಲ್-ಎಸ್‌ಟಿಡಿ-810’ ಎಂದು ಬರೆದಿರುವುದನ್ನು ಕಾಣುವಿರಿ. ಅದು ಅಮೆರಿಕದ ಸೈನ್ಯವು ಉಪಕರಣಗಳನ್ನು ಪರೀಕ್ಷಿಸುವ ವಿಧಾನಗಳ ಸಂಗ್ರಹ. ಬಿಸಿಲು, ಚಳಿ, ಪೆಟ್ಟು, ಧೂಳು, ತೇವ ಹೀಗೆ ಹಲವು ಪರೀಕ್ಷೆಗಳು ಅದರಲ್ಲಿವೆ. ಎಲ್ಲವನ್ನೂ ಮಾಡಲೇಬೇಕೆಂಬ ನಿಯಮವಿಲ್ಲ. ತಯಾರಕರು ತಾವೇ ಆರಿಸಿಕೊಂಡು ಪರೀಕ್ಷಿಸಬಹುದು. ಆದುದರಿಂದ ಹೆಸರನ್ನು ಕಂಡು ಬೆರಗಾಗದೆ, ಯಾವ ಯಾವ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಿದೆಯೆಂದು ಕೇಳತಕ್ಕದ್ದು.

‘5 ಎ.ಟಿ.ಎಂ.’ ಎಂದರೆ 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡವನ್ನು ತಡೆದೀತೆಂದು ಅರ್ಥ. 50 ಮೀಟರ್ ಮುಳುಗಬಹುದೆಂದಲ್ಲ. ಮಳೆಗೂ ಈಜುಕೊಳಕ್ಕೂ ಅದು ಸಾಕು. ಕಡಲಿನಲ್ಲಿ ಅಲೆಗಳೊಡನೆ ಆಡುವವನಿಗೆ ‘10 ಎ.ಟಿ.ಎಂ.’ ಲೇಸು. ನೀರಿನೊಳಗೆ ಗುಂಡಿಗಳನ್ನು ಒತ್ತಬಾರದು; ಬಿಸಿನೀರೂ ಸಾಬೂನೂ ರಬ್ಬರಿನ ತಡೆಯನ್ನು ಕೆಡಿಸುವುವು; ಉಪ್ಪುನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆಯಬೇಕು.

ಗಾಜಿನ ವಿಷಯದಲ್ಲಿ ನಿಮ್ಮ ಭೂಗೋಳದ ಪಾಠವೇ ಸಹಾಯಕ್ಕೆ ಬರುವುದು. ಮೋಸ್ ಎಂಬುವರ ಕಾಠಿಣ್ಯಮಾನದಲ್ಲಿ ವಜ್ರಕ್ಕೆ 10, ಸಫೈರಿಗೆ 9, ಮರಳಿನಲ್ಲಿರುವ ಕ್ವಾರ್ಟ್ಜಿಗೆ 7, ಸಾಮಾನ್ಯ ಗಾಜಿಗೆ ಸುಮಾರು 5.5. ಆದುದರಿಂದ ಮರಳು ಸಾಮಾನ್ಯ ಗಾಜನ್ನು ಗೀರುವುದು, ಸಫೈರನ್ನು ಗೀರದು. ಆದರೆ ಗೀರದ ವಸ್ತು ಒಡೆಯದೆಂದಿಲ್ಲ. ಬಂಡೆಗೆ ಬಲವಾಗಿ ಬಡಿದರೆ ಸಫೈರೂ ಬಿರಿಯಬಹುದು. ಗಾಜಿಗಿಂತ ಅಂಚು ಸ್ವಲ್ಪ ಎತ್ತರವಾಗಿರುವ ಗಡಿಯಾರವನ್ನು ಆರಿಸಿದರೆ, ಕಡಿಮೆ ಬೆಲೆಯ ಗಾಜಿಗೂ ಒಳ್ಳೆಯ ರಕ್ಷಣೆ ದೊರೆಯುವುದು.

4. ಬ್ಯಾಟರಿಯ ಗಣಿತ

ಅಂಗಡಿಯವರು ‘ಹದಿನಾಲ್ಕು ದಿನ ಬಾಳುವುದು’ ಎನ್ನುವರು. ಅದು ಗಡಿಯಾರವು ಹೊತ್ತನ್ನಷ್ಟೇ ತೋರಿಸುತ್ತಿದ್ದಾಗಿನ ಲೆಕ್ಕ. ಉಪಗ್ರಹಗಳನ್ನು ಸದಾ ಕೇಳುತ್ತಿದ್ದರೆ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕಾಗುವುದು. 2018ರಲ್ಲಿ ಬಂದ ಗಾರ್ಮಿನ್ ಇನ್‌ಸ್ಟಿಂಕ್ಟ್ ಎಂಬ ಗಡಿಯಾರಕ್ಕೆ ತಯಾರಕರು ಹೇಳಿದುದು 14 ದಿನ; ಜಿ.ಪಿ.ಎಸ್. ನಡೆಯುತ್ತಿದ್ದರೆ 16 ಗಂಟೆ. 2022ರಲ್ಲಿ ಬಂದ ಅದರ ಎರಡನೆಯ ಮಾದರಿಗೆ 28 ದಿನ ಮತ್ತು 30 ಗಂಟೆ.

ಈಗ ನಿಮ್ಮ ಚಾರಣದ ಲೆಕ್ಕ ಹಾಕಿರಿ. ಎರಡು ದಿನ, ದಿನಕ್ಕೆ 8 ಗಂಟೆಯ ನಡಿಗೆ. ಒಟ್ಟು 16 ಗಂಟೆ. ಹದಿನಾರು ಗಂಟೆಯ ಗಡಿಯಾರ ಸಾಕೇ? ಸಾಲದು. ದಾರಿ ತಪ್ಪಿ ತಡವಾಗಬಹುದು. ಬ್ಯಾಟರಿಯ ಶಕ್ತಿ ವರುಷದಿಂದ ವರುಷಕ್ಕೆ ಕುಗ್ಗುವುದು. ಅಗತ್ಯದ ಒಂದೂವರೆ ಪಟ್ಟು, ಅಂದರೆ 24 ಗಂಟೆಗಳಷ್ಟಾದರೂ ಇರಬೇಕೆಂಬುದು ನಮ್ಮ ಸಲಹೆ. ಮುಂಜಾನೆ ಒಂದು ಗಂಟೆ ಓಡುವವನಿಗಾದರೋ 16 ಗಂಟೆಯದೇ ಸುಮಾರು ಒಂದು ವಾರದವರೆಗೆ ಬರುವುದು. ಹೆಚ್ಚಿನದಕ್ಕೆ ಅವನು ಹಣ ತೆರುವುದು ವ್ಯರ್ಥ.

ಬ್ಯಾಟರಿಯನ್ನು ಉಳಿಸಲು ಕೆಲವು ಗಡಿಯಾರಗಳು ಸ್ಥಳವನ್ನು ಪ್ರತಿ ಸೆಕೆಂಡಿಗೆ ಗುರುತಿಸದೆ ನಡುನಡುವೆ ಮಾತ್ರ ಗುರುತಿಸುವುವು. ನೇರ ರಸ್ತೆಯಲ್ಲಿ ಇದರಿಂದ ಹೆಚ್ಚು ಕೇಡಿಲ್ಲ. ಅಂಕುಡೊಂಕಾದ ಘಟ್ಟದ ದಾರಿಯಲ್ಲಿ ತಿರುವುಗಳೆಲ್ಲ ಕತ್ತರಿಸಿಹೋಗಿ ದೂರ ಕಡಿಮೆ ತೋರುವುದು. ಹಿಂದಿರುಗುವಾಗ ದಾರಿ ತೋರಬೇಕಾದ ಗೆರೆಯೂ ತಪ್ಪಾಗುವುದು.

ತಾನೇ ಬೆಳಗುವ ಬಣ್ಣದ ಪರದೆ ಅಂದವಾದುದು. ಆದರೆ ಹೆಚ್ಚು ವಿದ್ಯುತ್ತನ್ನು ನುಂಗುವುದು. ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಪರದೆ ಮಂಕಾಗಿ ಕಂಡರೂ ಬಿಸಿಲಿನಲ್ಲಿ ಸ್ಪಷ್ಟ, ಮಿತವ್ಯಯಿ. ಮಳೆಯಲ್ಲಿ ಒದ್ದೆ ಬೆರಳಿಗೆ ಮುಟ್ಟುವ ಪರದೆ ಮಣಿಯದು, ಗುಂಡಿಗಳಿರುವುದೇ ಮೇಲು.

5. ನಗರದ ಪ್ರತಿಧ್ವನಿ

ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ದನಿ ಗೋಡೆಗಳಿಗೆ ತಾಗಿ ಮರಳುವುದಷ್ಟೆ. ಪರೇಲಿನ ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ತರಂಗಕ್ಕೂ ಇದೇ ಗತಿ. ಬಳಸಿಕೊಂಡು ಬಂದ ತರಂಗ ತಡವಾಗಿ ಬರುವುದರಿಂದ, ಗಡಿಯಾರವು ಓಟಗಾರನನ್ನು ಪಕ್ಕದ ಓಣಿಯಲ್ಲಿಯೋ ಮನೆಯ ಮಾಳಿಗೆಯ ಮೇಲೆಯೋ ಓಡಿಸುವುದು! 1575.42 ಮತ್ತು 1176.45 ಮೆಗಾಹರ್ಟ್ಸ್ ಎಂಬ ಎರಡು ಆವೃತ್ತಿಗಳನ್ನು ಕೇಳಬಲ್ಲ ಗಡಿಯಾರಗಳಲ್ಲಿ ಈ ದೋಷ ಕಡಿಮೆ. ಒಂದು ಮಗ್ಗುಲು ಪೂರ್ತಿ ಬಯಲಾಗಿರುವ ಮರೀನ್ ಡ್ರೈವಿನಲ್ಲಿ ಓಡುವವನಿಗೆ ಒಂದೇ ಆವೃತ್ತಿ ಸಾಕು.

ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಮುಗಿಸಿದವರ ಗಡಿಯಾರದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಕಾಣುವುದು. ಇದು ಸಂಘಟಕರ ತಪ್ಪಲ್ಲ. ಪ್ರಮಾಣೀಕೃತ ದಾರಿಯನ್ನು ವಿಶೇಷ ಎಣಿಕೆಯಂತ್ರವಿರುವ ಸೈಕಲ್ಲಿನಿಂದ ಅತ್ಯಂತ ಕಿರಿದಾದ ಮಾರ್ಗದಲ್ಲಿ ಅಳೆದು, ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸಿರುವರು. ಓಟಗಾರನು ತಿರುವುಗಳಲ್ಲಿ ಹೊರಬದಿಗೆ ಸರಿದಷ್ಟೂ ದೂರ ಹೆಚ್ಚುವುದು. ಉಪಗ್ರಹದ ದೋಷ ಬೇರೆ.

6. ಗಡಿಯಾರ ಮಾಡಲಾರದ ಕೆಲಸ

ಉಪಗ್ರಹವು ನಮ್ಮನ್ನು ನೋಡುತ್ತಿರುವುದೆಂದು ಹಲವರು ತಿಳಿದಿರುವರು. ಅದು ತಪ್ಪು. ಉಪಗ್ರಹ ಹೇಳುವುದು, ಗಡಿಯಾರ ಕೇಳುವುದು; ಗಡಿಯಾರದ ಮಾತು ಉಪಗ್ರಹಕ್ಕೆ ಮುಟ್ಟುವುದಿಲ್ಲ. ಬೆಟ್ಟದಲ್ಲಿ ಕಾಲು ಮುರಿದು ಬಿದ್ದವನು ಎಲ್ಲಿದ್ದಾನೆಂಬುದು ಅವನ ಗಡಿಯಾರಕ್ಕೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಕರೆ ಮಾಡಲು ಮೊಬೈಲು ಬೇಕು, ಮೊಬೈಲಿಗೆ ಜಾಲ ಬೇಕು. ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸಬಲ್ಲ ಸಾಧನಗಳು ಬೇರೆಯೇ ಇವೆ. ಸರಕಾರದ ಅನುಮತಿಯಿಲ್ಲದೆ ಅವನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವನ್ನು ತಂದ ಪ್ರವಾಸಿಗಳನ್ನು ವಿಮಾನನಿಲ್ದಾಣಗಳಲ್ಲಿ ತಡೆದುದುಂಟು. ವಿದೇಶದಿಂದ ಬಂಧುಗಳು ತಂದುಕೊಡುವ ಗಡಿಯಾರದಲ್ಲಿ ಈ ಸೌಕರ್ಯವಿದೆಯೇ ಎಂದು ಮೊದಲೇ ವಿಚಾರಿಸಿರಿ.

ಹೊರಟ ಸ್ಥಳಕ್ಕೆ ಬಂದ ದಾರಿಯಲ್ಲಿಯೇ ಕರೆದೊಯ್ಯುವ ಸೌಕರ್ಯ ಚಾರಣಿಗರಿಗೆ ಅಮೂಲ್ಯವಾದುದು. ಅದಿಲ್ಲದ ಗಡಿಯಾರವನ್ನು ಬೆಟ್ಟಕ್ಕೆ ಆರಿಸಬೇಡಿರಿ. ಆದರೂ ಗಡಿಯಾರದ ಗೆರೆ ದಾರಿಯನ್ನು ತೋರುವುದೇ ಹೊರತು ದಾರಿಯ ಸ್ಥಿತಿಯನ್ನಲ್ಲ. ಬೆಳಿಗ್ಗೆ ದಾಟಿದ ಹಳ್ಳ ಸಂಜೆಗೆ ತುಂಬಿ ಹರಿಯುತ್ತಿರಬಹುದು, ಬಂಡೆ ಪಾಚಿಗಟ್ಟಿರಬಹುದು. ಕೆಲವು ಮೀಟರುಗಳ ತಪ್ಪು ಬಯಲಿನಲ್ಲಿ ಏನೂ ಅಲ್ಲ, ಪ್ರಪಾತದ ಅಂಚಿನಲ್ಲಿ ಅದೇ ಸರ್ವಸ್ವ. ಆದುದರಿಂದ ಬೆಟ್ಟದ ಬುಡದ ಹಳ್ಳಿಯವನೊಬ್ಬನನ್ನು ಕರೆದುಕೊಳ್ಳಿರಿ. ಎಷ್ಟು ಗಂಟೆಗೆ ಮರಳುವಿರೆಂದು ಮನೆಯಲ್ಲಿ ಬರೆದಿಡಿರಿ. ಪೀಪಿ, ನೀರು, ದೀಪ ಜೊತೆಯಲ್ಲಿರಲಿ. ತುರ್ತಿನ 112ನೆಯ ಸಂಖ್ಯೆ ನೆನಪಿರಲಿ.

ಇನ್ನೊಂದು ಎಚ್ಚರಿಕೆ. ಓಡಿದ ದಾರಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಅಭ್ಯಾಸ ಈಗ ಬೆಳೆದಿದೆ. ಸ್ಟ್ರಾವಾ ಎಂಬ ಸಂಸ್ಥೆ 2017ರಲ್ಲಿ ಇಂತಹ ದಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ನಕ್ಷೆಯೊಂದನ್ನು ಹೊರಡಿಸಿತು. ಮರುಭೂಮಿಗಳ ನಡುವೆ ಬೆಳಗುತ್ತಿದ್ದ ಗೆರೆಗಳು ಸೈನಿಕ ನೆಲೆಗಳೆಂಬುದನ್ನು 2018ರ ಜನವರಿಯಲ್ಲಿ ಗುರುತಿಸಿದವನು ಆಸ್ಟ್ರೇಲಿಯದ ಒಬ್ಬ ವಿದ್ಯಾರ್ಥಿ! ಸೈನಿಕರ ನೆಲೆಯನ್ನೇ ಬಯಲಿಗಿಟ್ಟ ಗೆರೆ ನಿಮ್ಮ ಮನೆಯ ಬಾಗಿಲನ್ನೂ ನೀವು ಒಂಟಿಯಾಗಿ ಓಡುವ ಹೊತ್ತನ್ನೂ ತೋರಿಸದೆ ಬಿಟ್ಟೀತೇ? ಅಂತಹ ಪ್ರಕಟಣೆಯನ್ನು ನಿಲ್ಲಿಸಿಡತಕ್ಕದ್ದು.

7. ಆಯ್ಕೆಯ ಕ್ರಮ

ಮೈದಾನದಲ್ಲಿ ಓಡುವ ಬಾಲಕನಿಗೆ ಹಗುರವಾದ, ಒಂದು ಆವೃತ್ತಿಯ, 5 ಎ.ಟಿ.ಎಂ. ಗಡಿಯಾರ ಸಾಕು, ನಿಜವಾಗಿ ನೋಡಿದರೆ, ಅಳೆದ ಮೈದಾನವೂ ಒಂದು ಸಾಧಾರಣ ಸ್ಟಾಪ್‌ವಾಚೂ ಇದ್ದರೆ ಅದೂ ಬೇಡ. ವಾರಾಂತ್ಯದಲ್ಲಿ ಬೆಟ್ಟವೇರುವವನಿಗೆ ವಾಯುಭಾರಮಾಪಕ, ದಿಕ್ಸೂಚಿ, ಗುಂಡಿಗಳು, ದೀರ್ಘ ಬ್ಯಾಟರಿ, ಹಿಂದಿರುಗುವ ದಾರಿ ಬೇಕು. ಬಣ್ಣದ ಪರದೆ ಬೇಡ. ಎಲ್ಲರೂ ಕೂಡಿ ಹೋಗುವಾಗ ಒಂದು ತಂಡಕ್ಕೆ ಒಂದು ಗಡಿಯಾರ ಸಾಲದೇ? ಮನೆಯಲ್ಲಿ ಈಗಾಗಲೇ ಇರುವ ಮೊಬೈಲಿನಲ್ಲಿಯೂ ಜಿ.ಪಿ.ಎಸ್. ಇದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಜಾಲವಿಲ್ಲದ ಕಡೆಯಲ್ಲಿಯೂ ಅದು ಸ್ಥಳವನ್ನು ತೋರಿಸುವುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಇಲ್ಲಿ ನೆನೆಯಿರಿ.

ಕೊಂಡ ಮೇಲೆ ಪರೀಕ್ಷಿಸಿರಿ. ಬಯಲಿನಲ್ಲಿ ನಿಂತು, ಉಪಗ್ರಹಗಳು ದೊರೆತುವೆಂದು ಗಡಿಯಾರ ಹೇಳುವವರೆಗೂ ಕಾದು, 400 ಮೀಟರ್ ಓಟದ ಪಥದ ಒಳಸಾಲಿನಲ್ಲಿ ಹತ್ತು ಸುತ್ತು ನಡೆಯಿರಿ. ದೂರ 4000 ಮೀಟರ್ ಆಗಬೇಕು. ಎರಡನೆಯ ಸಾಲಿನಲ್ಲಿ ನಡೆದರೆ ಸುತ್ತಿಗೆ ಸುಮಾರು 7 ಮೀಟರ್ ಹೆಚ್ಚುವುದೆಂಬುದನ್ನು ಮರೆಯಬೇಡಿರಿ. ನೂರು ಮೀಟರಿನಷ್ಟು ಹೆಚ್ಚುಕಡಿಮೆಯಾದರೆ ತಪ್ಪು ನೂರಕ್ಕೆ ಎರಡೂವರೆ. ಈ ತಪ್ಪು ಎಷ್ಟೆಂದು ತಿಳಿದವನೇ ಗಡಿಯಾರದ ಯಜಮಾನ. ತಿಳಿಯದವನು ಅದರ ಸೇವಕ.

ಅಭ್ಯಾಸ

1. ಉಪಗ್ರಹವು ನೆತ್ತಿಯ ಮೇಲೆ 20,200 ಕಿ.ಮೀ. ಎತ್ತರದಲ್ಲಿರುವಾಗ ಅದರ ಸಂಕೇತ ನಮ್ಮನ್ನು ಮುಟ್ಟಲು ಎಷ್ಟು ಕಾಲ ಬೇಕು?

2. ಮೂರು ದಿನ, ದಿನಕ್ಕೆ 7 ಗಂಟೆಯ ಚಾರಣಕ್ಕೆ ಎಷ್ಟು ಗಂಟೆಯ ಬ್ಯಾಟರಿಯನ್ನು ಆರಿಸುವಿರಿ? ಕಾರಣ ಕೊಡಿರಿ.

3. ರಾತ್ರಿ ಒಂದೇ ಗುಡಾರದಲ್ಲಿದ್ದರೂ ಬೆಳಿಗ್ಗೆ ಎತ್ತರ 16 ಮೀಟರ್ ಹೆಚ್ಚಾಗಿ ತೋರಿದರೆ ವಾಯುಭಾರದಲ್ಲಿ ಏನಾಗಿರಬಹುದು?

4. ವೇಗ, ಕ್ಯಾಲೊರಿ, ಗಾಳಿಯ ಒತ್ತಡ, ನಿದ್ರೆಯ ಗುಣ: ಇವುಗಳಲ್ಲಿ ಅಳೆದುದು, ಲೆಕ್ಕ ಹಾಕಿದುದು, ಊಹಿಸಿದುದು ಯಾವುದು?

5. ನಡುದಾರಿಯಲ್ಲಿ ಗಡಿಯಾರ ನಿಂತುಹೋದರೆ ಸುರಕ್ಷಿತವಾಗಿ ಮರಳಲು ಏನೇನು ಸಿದ್ಧತೆ ಇರಬೇಕು? ಹತ್ತು ವಾಕ್ಯಗಳಲ್ಲಿ ಬರೆಯಿರಿ.